ಕುಂಡದ ಗಿಡವೂ ಶ್ರಾವಕನ ಹೊಣೆಯೂ

ಗೃಹಸ್ಥನಾದವನು ಸ್ಥಾವರ ಜೀವಗಳ ಹಿಂಸೆಯಿಂದ ಸಂಪೂರ್ಣವಾಗಿ ಪಾರಾಗಲಾರನು. ಅಡುಗೆ, ಬೇಸಾಯ, ಮನೆ ಕಟ್ಟುವುದು ಇವೆಲ್ಲವುಗಳಲ್ಲಿ ಅದು ಇದ್ದೇ ಇದೆ. ಆದ್ದರಿಂದಲೇ ಆಚಾರ್ಯರು ಮುನಿಗಳಿಗೆ ಮಹಾವ್ರತವನ್ನೂ ಶ್ರಾವಕರಿಗೆ ಅಣುವ್ರತವನ್ನೂ ವಿಧಿಸಿದರು. ಆದರೆ ಅನಿವಾರ್ಯವಾದುದಕ್ಕೆ ದೊರೆತ ಈ ವಿನಾಯಿತಿಯನ್ನು ನಾವು ಅನಾವಶ್ಯಕವಾದುದಕ್ಕೂ ಬಳಸಿಕೊಳ್ಳುತ್ತಿದ್ದೇವೆಯೇ ಎಂಬ ಸಂದೇಹ ನನ್ನನ್ನು ಬಹುದಿನಗಳಿಂದ ಕಾಡುತ್ತಿದೆ. ಅದಕ್ಕೆ ಕಾರಣವಾದ ವಸ್ತು ಬಹು ಚಿಕ್ಕದು: ಎಲೆಯ ಅಂದಕ್ಕಾಗಿ ಪಡಸಾಲೆಯಲ್ಲಿಡುವ ಕುಂಡದ ಗಿಡ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಬಸದಿಯಲ್ಲಿ ಪಂಚಕಲ್ಯಾಣ ಮಹೋತ್ಸವ ನಡೆಯಿತು. ಮಂಟಪದ ಶೃಂಗಾರಕ್ಕೆಂದು ಮನಿ ಪ್ಲಾಂಟ್, ಕ್ರೋಟನ್, ಡಿಫನ್‌ಬೇಕಿಯಾ ಮೊದಲಾದ ಗಿಡಗಳ ಕುಂಡಗಳನ್ನು ಗಾಡಿ ತುಂಬ ತರಿಸಿದೆವು. ಲೆಕ್ಕಪತ್ರದ ಹೊಣೆ ನನ್ನದಾಗಿತ್ತು. ಬಿಲ್ಲಿಗೆ ಸಹಿ ಮಾಡಿದವನೂ ನಾನೇ. ಉತ್ಸವ ಮುಗಿದ ಮೇಲೆ ಅವುಗಳನ್ನು ಹಿತ್ತಿಲ ಗೋಡೆಗೆ ಸಾಲಾಗಿ ಇಟ್ಟರು. ಆಗ ಏಪ್ರಿಲ್ ತಿಂಗಳು. ಹದಿನೈದು ದಿನಗಳೊಳಗೆ ಬಹುತೇಕ ಎಲ್ಲವೂ ಒಣಗಿದವು. ಖಾತೆಯಲ್ಲಿ 'ಶೃಂಗಾರ ಖರ್ಚು' ಎಂಬ ಒಂದು ಸಾಲು ಉಳಿಯಿತು. ಆ ಸಾಲಿನಲ್ಲಿ ಎಷ್ಟು ಜೀವಗಳು ಸೇರಿದ್ದವೆಂದು ಯಾರೂ ಕೇಳಲಿಲ್ಲ; ನಾನೂ ಕೇಳಿಕೊಳ್ಳಲಿಲ್ಲ.

ಕೇಳಿದವಳು ನನ್ನ ಮೊಮ್ಮಗಳು. ಕಳೆದ ಮಳೆಗಾಲದಲ್ಲಿ ಮನೆಯ ಮನಿ ಪ್ಲಾಂಟ್ ಬಳ್ಳಿಯನ್ನು ನಾನು ಕತ್ತರಿಸಿ ತುಂಡು ಮಾಡುತ್ತಿದ್ದಾಗ ಪಕ್ಕದಲ್ಲಿ ನಿಂತು, "ಅಜ್ಜಾ, ಬಟಾಟಿ ಒಳಗ ಜೀವ ಅದಾವಂತ ನಾವು ತಿನ್ನೂದಿಲ್ಲ. ಇದನ್ನ ಕೊಯ್ದರ ನಡೀತದೇನು?" ಎಂದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಶಾಸ್ತ್ರವನ್ನು ನೋಡಿದರೆ ಅವಳ ಪ್ರಶ್ನೆ ಎಷ್ಟು ಸರಿಯಾದುದೆಂಬುದು ತಿಳಿಯುತ್ತದೆ. ವನಸ್ಪತಿಯು ಏಕೇಂದ್ರಿಯ ಜೀವ. ಸ್ಪರ್ಶನೇಂದ್ರಿಯ, ಕಾಯಬಲ, ಆಯುಷ್ಯ, ಶ್ವಾಸೋಚ್ಛ್ವಾಸ ಎಂಬ ನಾಲ್ಕು ಪ್ರಾಣಗಳು ಅದಕ್ಕುಂಟು. ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ರಚಿಸಿದ 'ಗೊಮ್ಮಟಸಾರ'ದ ಜೀವಕಾಂಡದಲ್ಲಿ ಸಸ್ಯಗಳನ್ನು ಅವು ಹುಟ್ಟುವ ಬಗೆಯಿಂದ ವಿಂಗಡಿಸಲಾಗಿದೆ: ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜ, ಸ್ಕಂಧಬೀಜ, ಬೀಜರುಹ ಇತ್ಯಾದಿ. ಪರ್ವವೆಂದರೆ ಗಿಣ್ಣು. ನಮ್ಮ ಮುಧೋಳ-ಜಮಖಂಡಿಯ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವನು ಕಬ್ಬನ್ನು ಕಣ್ಣಿರುವಂತೆ ತುಂಡರಿಸಿಯೇ ನಾಟಿ ಮಾಡುತ್ತಾನೆ. ಮನಿ ಪ್ಲಾಂಟೂ ಗಿಣ್ಣಿನಿಂದಲೇ ಬೆಳೆಯುವ ಸಸ್ಯ. ಕಡಿದರೂ ಮತ್ತೆ ಚಿಗುರುವುದು ಅನಂತ ಜೀವಗಳಿಗೆ ಆಶ್ರಯವಾದ ಸಸ್ಯದ ಒಂದು ಗುರುತೆಂದೂ ಅದೇ ಗ್ರಂಥದಲ್ಲಿದೆ. ಹೀಗಿರುವಾಗ ಊಟದಲ್ಲಿ ಕಂದಮೂಲವನ್ನು ವರ್ಜಿಸುವ ನಾವು ಪಡಸಾಲೆಯಲ್ಲಿ ಕತ್ತರಿಯನ್ನು ನಿಶ್ಚಿಂತೆಯಿಂದ ಆಡಿಸುವುದು ಹೇಗೆ ಸರಿಯಾದೀತು?

'ಒಂದನ್ನು ಕಡಿದು ಹತ್ತು ಮಾಡಿದೆ. ಜೀವ ಹೆಚ್ಚಿಸಿದೆನೇ ಹೊರತು ಕಳೆಯಲಿಲ್ಲ' ಎಂದು ಕೆಲವರು ವಾದಿಸುತ್ತಾರೆ. ವಾಣಿಜ್ಯಶಾಸ್ತ್ರ ಓದಿ ಬನಹಟ್ಟಿಯ ನೂಲಿನ ವ್ಯಾಪಾರದಲ್ಲಿ ಆಯುಷ್ಯ ಕಳೆದ ನನಗೆ ಈ ಲೆಕ್ಕ ಮೊದಲು ಹಿಡಿಸಿತು. ಆಮೇಲೆ ಅದರ ತಪ್ಪು ಕಂಡಿತು. ಜೀವವನ್ನು ನಾವು ಸೃಷ್ಟಿಸುವುದಿಲ್ಲ. ಅದು ತನ್ನ ಕರ್ಮಾನುಸಾರವಾಗಿ ದೇಹವನ್ನು ಧರಿಸುತ್ತದೆ. ನಮ್ಮದಲ್ಲದ ಜಮೆಯನ್ನು ನಮ್ಮ ಖಾತೆಗೆ ಬರೆದುಕೊಳ್ಳುವಂತಿಲ್ಲ. ಕತ್ತರಿ ಹಿಡಿದ ಕೈಯ ಪ್ರಮಾದ ಮಾತ್ರ ನಮ್ಮದು. ಪ್ರಮಾದಯೋಗದಿಂದ ಪ್ರಾಣಕ್ಕೆ ಘಾತ ಮಾಡುವುದೇ ಹಿಂಸೆಯೆಂದು 'ತತ್ತ್ವಾರ್ಥಸೂತ್ರ'ದ ಅಭಿಪ್ರಾಯ. ಆದುದರಿಂದ ಎಣಿಸಬೇಕಾದುದು ತುಂಡುಗಳನ್ನಲ್ಲ, ನಮ್ಮ ಎಚ್ಚರಿಕೆಯನ್ನು.

ಹಾಗಾದರೆ ಗಿಡ ಸಾಕುವುದು ಅನರ್ಥದಂಡವೇ? ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಸಸ್ಯ ಕಡಿಯುವುದು ಇವುಗಳನ್ನು ಪ್ರಮಾದಚರ್ಯೆಯೆಂದು ಆ ದೋಷದಲ್ಲಿ ಸೇರಿಸಿದ್ದಾರೆ. ಕುಂಡದ ಗಿಡದಲ್ಲಿ ಈ ಮೂರೂ ಇವೆ. ಪ್ರಯೋಜನ ನಿಜವಾದುದೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮನಿ ಪ್ಲಾಂಟಿನಿಂದ ಸಂಪತ್ತು ಬರುತ್ತದೆಂಬುದು ಮೂಢತೆ. ಅದನ್ನು ಕದ್ದು ತಂದರೆ ಮಾತ್ರ ಫಲವೆಂಬ ನಂಬಿಕೆಯಂತೂ ಅಚೌರ್ಯಾಣುವ್ರತಕ್ಕೇ ಭಂಗ. ಗಾಳಿ ಶುದ್ಧವಾಗುತ್ತದೆಂಬ ಮಾತು 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ಮುಚ್ಚಿದ ಪೆಟ್ಟಿಗೆಗಳಲ್ಲಿ ಮಾಡಿದ ಪ್ರಯೋಗದಿಂದ ಹರಡಿತು. ಕಿಟಕಿ-ಬಾಗಿಲುಗಳಿರುವ ಮನೆಯಲ್ಲಿ ಆ ಪರಿಣಾಮ ನಗಣ್ಯವೆಂದು 2019ರಲ್ಲಿ ಪ್ರಕಟವಾದ ಸಮೀಕ್ಷೆ ತೋರಿಸಿತು. ಇಷ್ಟನ್ನು ಕಳೆದ ಮೇಲೆ ಉಳಿಯುವ ಪ್ರಯೋಜನಗಳು ಎರಡು: ಬಿಸಿಲ ನಾಡಿನಲ್ಲಿ ಕಣ್ಣಿಗೆ ತಂಪು, ಮಾತಿಲ್ಲದ ಜೀವದ ಅಗತ್ಯವನ್ನು ಗಮನಿಸುವ ಅಭ್ಯಾಸ. ಎರಡನೆಯದು ಮಕ್ಕಳಿಗೆ ದಯೆಯ ಪಾಠವಾಗಬಲ್ಲದು. ಆದರೆ ಪಾಲನೆ ನಡೆದರೆ ಮಾತ್ರ ಪಾಠ. ಇಲ್ಲವಾದರೆ ಅದು ಬರಿಯ ಅಲಂಕಾರ.

ಪಾಲನೆಗೆ ಗಿಡದ ಸ್ವಭಾವದ ಅರಿವು ಬೇಕು. ಮನಿ ಪ್ಲಾಂಟಿನ ಮೂಲ ನೆಲೆ ಪೆಸಿಫಿಕ್ ಸಾಗರದ ಮೂರಿಯಾ ದ್ವೀಪ. ಮರದ ನೆರಳಿನಲ್ಲಿ, ತೇವದ ಗಾಳಿಯಲ್ಲಿ ಹಬ್ಬುವ ಬಳ್ಳಿ ಅದು. ನಮ್ಮ ಬೀಳಗಿ-ಜಮಖಂಡಿಯ ಬೇಸಿಗೆಯ ನೇರ ಬಿಸಿಲು ಅದರ ಎಲೆಯನ್ನು ಸುಡುತ್ತದೆ. ಬೆಳಕಿದ್ದು ಬಿಸಿಲು ಬೀಳದ ಸ್ಥಳವೇ ಅದಕ್ಕೆ ಹಿತ. ನಮ್ಮ ಎರೆಮಣ್ಣು ನೀರನ್ನು ಹಿಡಿದಿಟ್ಟು ಬೇರು ಕೊಳೆಯಿಸುತ್ತದೆ. ಮರಳನ್ನೂ ಕಳಿತ ಗೊಬ್ಬರವನ್ನೂ ಬೆರೆಸಬೇಕು. ಬೆರಳನ್ನು ಮಣ್ಣಿನಲ್ಲಿಳಿಸಿ ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಅತಿಯಾದ ನೀರಿನಿಂದ ಗಿಡವೂ ಸಾಯುತ್ತದೆ, ನೀರೂ ವ್ಯರ್ಥವಾಗುತ್ತದೆ.

ತುಂಡು ಮಾಡುವುದಾದರೆ ಗಿಣ್ಣಿನ ಕೆಳಗೆ ಹರಿತವಾದ ಕತ್ತರಿಯಿಂದ ಒಂದೇ ಸಲ ಕತ್ತರಿಸಬೇಕು. ಗಿಣ್ಣಿಲ್ಲದ ಬರಿಯ ಎಲೆ ನೀರಿನಲ್ಲಿ ವಾರಗಟ್ಟಲೆ ಹಸಿರಾಗಿದ್ದರೂ ಹೊಸ ಕುಡಿಯೊಡೆಯುವುದಿಲ್ಲ. ಅದು ವ್ಯರ್ಥ ಘಾತ. ನೀರಿನ ಬಾಟಲಿಯಲ್ಲಿ ಬೆಳೆಸುವವರು ಇನ್ನೊಂದನ್ನು ನೆನಪಿಡಬೇಕು. ಡೆಂಗೆ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಸೊಳ್ಳೆಯ ಮರಿ ಸ್ಥಾವರವಲ್ಲ, ತ್ರಸಜೀವ. ಮರಿಯಾದ ಮೇಲೆ ನೀರು ಚೆಲ್ಲಿ ಕೊಲ್ಲುವುದಕ್ಕಿಂತ ಬಾಟಲಿಯ ಬಾಯಿಗೆ ಮೊದಲೇ ಅರಿವೆ ಕಟ್ಟುವುದು, ಬೇರೊಡೆದ ಕೂಡಲೇ ಮಣ್ಣಿಗೆ ವರ್ಗಾಯಿಸುವುದು ಲೇಸು. ನೀರನ್ನು ಸೋಸಿ ಕುಡಿಯುವ ಪರಂಪರೆಯ ನಮಗೆ ಇದು ಹೊಸ ನಿಯಮವೇನಲ್ಲ. ಡಿಫನ್‌ಬೇಕಿಯಾದ ರಸ ಬಾಯಿಗೆ ತಗುಲಿದರೆ ನಾಲಿಗೆ ಉರಿದು ಊದಿಕೊಳ್ಳುತ್ತದೆ. ಕೂಸುಗಳು, ಕರುಗಳು ಓಡಾಡುವ ಮನೆಗೆ ಅದು ಸಲ್ಲದು.

ಕಬ್ಬು ಕಡಿಯುವ ರೈತನದು ಉದ್ಯೋಗಿ ಹಿಂಸೆ. ಅದರ ಹಿಂದೆ ಹೊಟ್ಟೆಯಿದೆ. ನಮ್ಮ ಕುಂಡದ ಹಿಂದೆ ಬರಿಯ ಇಷ್ಟವಿದೆ. ಅಗತ್ಯ ಕಡಿಮೆಯಾದಷ್ಟೂ ಹೊಣೆ ಹೆಚ್ಚುತ್ತದೆಂಬುದು ನನ್ನ ತಿಳಿವಳಿಕೆ. ಆದ್ದರಿಂದ ಮೂರು ಮಾತುಗಳನ್ನು ನಾನು ಪಾಲಿಸಲೆತ್ನಿಸುತ್ತಿದ್ದೇನೆ. ನೋಡಿಕೊಳ್ಳಲು ಆಗುವಷ್ಟೇ ಗಿಡಗಳನ್ನಿಡುವುದು. ಇದು ಪರಿಗ್ರಹ ಪರಿಮಾಣದ ಒಳಗೇ ಬರುತ್ತದೆ. ಪಡೆದುಕೊಳ್ಳುವ ಮನೆ ನಿಶ್ಚಯವಾಗದೆ ತುಂಡು ಕತ್ತರಿಸದಿರುವುದು. ಊರಿಗೆ ಹೋಗುವಾಗ ಮನೆಯ ಕೀಲಿಕೈಯೊಂದಿಗೆ ಗಿಡದ ಹೊಣೆಯನ್ನೂ ನೆರೆಯವರಿಗೆ ಒಪ್ಪಿಸುವುದು.

ಬಸದಿಗಳ ಟ್ರಸ್ಟಿನವರಲ್ಲಿಯೂ ಒಂದು ವಿನಂತಿ. ಉತ್ಸವಕ್ಕೆ ಗಿಡಗಳು ಬೇಕೇ ಎಂದು ಮೊದಲು ಯೋಚಿಸಿರಿ. ಬೇಕಾದರೆ ಶ್ರಾವಕರ ಮನೆಗಳಿಂದ ಎರವಲು ತಂದು ಹಿಂದಿರುಗಿಸಿರಿ. ಕೊಂಡು ತರಲೇಬೇಕಾದರೆ ಪ್ರತಿಯೊಂದು ಕುಂಡಕ್ಕೂ ಅದನ್ನು ಸಾಕುವ ಮನೆಯನ್ನು ಮೊದಲೇ ಗೊತ್ತುಪಡಿಸಿ, ಅನಂತರ ಬಿಲ್ಲಿಗೆ ಸಹಿ ಮಾಡಿರಿ. ನಾನು ಹಾಗೆ ಮಾಡಲಿಲ್ಲ; ಅದರ ಪಶ್ಚಾತ್ತಾಪದಿಂದಲೇ ಇದನ್ನು ಬರೆದಿದ್ದೇನೆ.

ಮೊಮ್ಮಗಳಿಗೆ ನಾನು ಕೊಟ್ಟ ಉತ್ತರ ಇಷ್ಟೇ: "ದೋಷ ಇಲ್ಲಂತ ಹೇಳೂದಿಲ್ಲವ್ವ. ಕೊಯ್ದ ಮ್ಯಾಲೆ ಅದನ್ನ ಬದುಕಿಸೂ ಜವಾಬ್ದಾರಿ ನಮ್ಮದು." ಅಂದು ಕತ್ತರಿಸಿದ ನಾಲ್ಕು ತುಂಡುಗಳಲ್ಲಿ ಮೂರು ಬೇರೊಡೆದು ಮೂರು ಮನೆ ಸೇರಿವೆ. ನಾಲ್ಕನೆಯದು ಕೊಳೆಯಿತು. ಅದನ್ನು ಅವಳು ಲೆಕ್ಕದಿಂದ ಬಿಟ್ಟಿಲ್ಲ; ನಾನೂ ಬಿಡಲಾರೆ.