ಲೆಕ್ಕವೂ ಸೇವೆಯೇ

ಒಳ್ಳೆಯ ಕೆಲಸಕ್ಕೆ ರಿಜಿಸ್ಟ್ರೇಶನ್ ಏಕೆ, ಲೆಕ್ಕಪತ್ರ ಏಕೆ? ಹೊಳೆನರಸೀಪುರ, ಅರಕಲಗೂಡಿನಂತಹ ಊರುಗಳಲ್ಲಿ ಬಡಮಕ್ಕಳ ಫೀಸು ಕಟ್ಟುವ, ರೋಗಿಗಳನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯುವ ಪುಟ್ಟ ಸಂಘಗಳವರು ಹೀಗೆ ಕೇಳುವುದುಂಟು. ನಮ್ಮ ಉದ್ದೇಶ ಶುದ್ಧವಾಗಿದ್ದರೆ ಸಾಲದೇ ಎನ್ನುತ್ತಾರೆ.

ಸಾಲದು ಎಂಬುದೇ ನಮ್ಮ ಉತ್ತರ. ಉದ್ದೇಶ ನಮ್ಮದು, ಹಣ ನಮ್ಮದಲ್ಲ. ಕೊಟ್ಟವನು ನಂಬಿ ಕೊಟ್ಟಿದ್ದಾನೆ. ಪಡೆಯಬೇಕಾದವನು ಬಾಯಿಬಿಟ್ಟು ಕೇಳಲಾರ. ಇವರಿಬ್ಬರ ಪರವಾಗಿ ಮಾತನಾಡುವುದು ಲೆಕ್ಕದ ಪುಸ್ತಕ ಮಾತ್ರ.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೇಳುವುದೂ ಇದನ್ನೇ. ಏಳು ಮಂದಿ ವಯಸ್ಕರು ಸೇರಿ ಸಂಘ ಕಟ್ಟಬಹುದು. ಬಳಿಕ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು.

ಆದರೆ ನ್ಯಾಯದ ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ. ನಿಯಮಗಳು ಬದಲಾಗುತ್ತಲೇ ಇರುತ್ತವೆ. 2020ರ ತಿದ್ದುಪಡಿಯ ಬಳಿಕ ವಿದೇಶಿ ದೇಣಿಗೆ ಪಡೆಯುವ ಸಂಸ್ಥೆ, ಅದು ಚನ್ನರಾಯಪಟ್ಟಣದ್ದಾದರೂ, ಹೊಸದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆ ತೆರೆಯಬೇಕು. ದೊಡ್ಡ ಸಂಸ್ಥೆಗಳಿಗೆ ಆಡಿಟರುಗಳಿದ್ದಾರೆ, ವಕೀಲರಿದ್ದಾರೆ. ರಾತ್ರಿ ಅಂಗಡಿ ಮುಚ್ಚಿ ಸಂಘದ ಕೆಲಸಕ್ಕೆ ಕೂರುವ ಕಾರ್ಯದರ್ಶಿಗೆ ಯಾರಿದ್ದಾರೆ? ತಿಳಿಯದೆ ತಪ್ಪಿದವನನ್ನೂ ತಿಳಿದೇ ಕದ್ದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ?

ಆದ್ದರಿಂದ ತಿಳಿದವರ ಮೇಲೆ ಹೊಣೆಯಿದೆ. ನಿವೃತ್ತ ಗುಮಾಸ್ತರು, ಬ್ಯಾಂಕ್ ನೌಕರರು, ಕಾಮರ್ಸ್ ಓದಿದ ಯುವಕ ಯುವತಿಯರು ತಿಂಗಳಿಗೊಂದು ಸಂಜೆಯನ್ನು ತಮ್ಮ ತಾಲೂಕಿನ ಸಂಘಗಳಿಗೆ ಕೊಡಲಿ. ಅರ್ಜಿ ತುಂಬಿಕೊಟ್ಟರಷ್ಟೇ ಸಾಲದು, ತುಂಬುವುದನ್ನು ಕಲಿಸಲಿ. ಹಸಿದವನಿಗೆ ಅನ್ನ ಬಡಿಸುವುದು ಸೇವೆಯಾದರೆ, ಆ ಅನ್ನದ ಲೆಕ್ಕ ಬರೆಯಲು ಕಲಿಸುವುದೂ ಸೇವೆಯೇ.