ಸೂರು ಕೊಟ್ಟವರ ಕೈಯಲ್ಲೇ ಅಂಕವೂ

ಹಾಸ್ಟೆಲ್ ಬಗ್ಗೆ ಹುಡುಗರು ಹೇಳುವ ದೂರುಗಳಲ್ಲಿ ಹೊಸತೇನೂ ಇರುವುದಿಲ್ಲ. ತಿಗಣೆ, ನೀರು, ಬೇಳೆ ಕಾಣದ ಸಾರು, ಪರೀಕ್ಷೆಯ ಹಿಂದಿನ ರಾತ್ರಿಯೇ ಕೈಕೊಡುವ ಕರೆಂಟು. ಧಾರವಾಡದಲ್ಲಿ ನಮ್ಮ ಅಪ್ಪ ತಮ್ಮ ಬೋರ್ಡಿಂಗಿನ ದಿನಗಳ ಬಗ್ಗೆ ಹೇಳುತ್ತಿದ್ದದ್ದೂ ಇದನ್ನೇ. ಅವರು ನಗುತ್ತ ಹೇಳುತ್ತಿದ್ದರು; ಅಷ್ಟು ವರ್ಷ ಕಳೆದ ಮೇಲೆ ತಿಗಣೆಯನ್ನೂ ಕ್ಷಮಿಸಿಬಿಡಬಹುದು. ಹಾಗಾಗಿ ತಂಗಿಯ ಮಗಳು ಭಾನುವಾರಗಳಂದು ಸಯನ್‌ನ ನಮ್ಮ ಮನೆಗೆ ಬಂದು, ಒಗೆಯುವ ಬಟ್ಟೆಯ ಗಂಟನ್ನು ಬಚ್ಚಲಲ್ಲಿ ಇಳಿಸಿ, ಇದೇ ಪಟ್ಟಿ ಒಪ್ಪಿಸುವಾಗ ನಾನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. ಸಯನ್, ಮಾಟುಂಗ, ವಡಾಲಾಗಳಲ್ಲಿ ಕಾಲೇಜುಗಳಿಗೆ ಬರವಿಲ್ಲ. ಅವುಗಳಲ್ಲೊಂದರ ಹಾಸ್ಟೆಲಿನಲ್ಲಿ ಅವಳಿದ್ದಳು. ಯಾವುದೆಂದು ಹೇಳುವುದರಿಂದ ಏನೂ ಬದಲಾಗುವುದಿಲ್ಲ, ಏಕೆಂದರೆ ಬೇರೆಡೆ ಓದುವ ಅವಳ ಗೆಳತಿಯರ ಮಾತೂ ಬಹುತೇಕ ಇದೇ.

ನೀರು ನಾಲ್ಕನೇ ಮಹಡಿಗೆ ಏರುತ್ತಿಲ್ಲ ಎಂದು ಒಮ್ಮೆ ವಾರಗಟ್ಟಲೆ ಗೋಳಾಡಿದಳು. "ಮ್ಯಾಲಿನವರಿಗೆ ಬರದು ಕೊಡಬಾರದೇನ?" ಅಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಯಾರ ಮುಂದ ಹೇಳೂದು ಮೌಶಿ? ಹಾಸ್ಟೆಲ್ ರೆಕ್ಟರ್ ಅಂದ್ರೂ ಅವರ, ನಮ್ಮ ವೈವಾ ತಗೊಳ್ಳಾವ್ರೂ ಅವರ."

ಆ ಮಾತು ಕೇಳಿದ ಮೇಲೆ ನನಗೆ ನೀರಿನ ಸಮಸ್ಯೆ ಚಿಕ್ಕದಾಗಿ ಕಂಡಿತು. ನೀರಿಲ್ಲದ ಮನೆಗಳು ಮುಂಬಯಿಯಲ್ಲಿ ಎಷ್ಟು ಬೇಕು. ರಸ್ತೆಯಾಚೆಯ ಧಾರಾವಿಯಲ್ಲಿ ಬೆಳಗಾಗುವ ಮೊದಲೇ ನಳ್ಳಿಯ ಮುಂದೆ ಕೊಡಗಳ ಸಾಲು ನಿಲ್ಲುತ್ತದೆ. ಆದರೆ ಆ ಸಾಲಿನಲ್ಲಿ ನಿಂತ ಹೆಂಗಸು ನಗರಸೇವಕನನ್ನು ಹೆಸರು ಹಿಡಿದು ಬಯ್ಯಬಲ್ಲಳು. ಬಯ್ದ ತಪ್ಪಿಗೆ ಅವಳ ಮಗಳ ಅಂಕ ಕಡಿಮೆಯಾಗುವುದಿಲ್ಲ.

ನಾವಿರುವ ಕಟ್ಟಡ ಪಗಡಿಯದು, ಎಂದರೆ ಒಮ್ಮೆ ಇಡಿಗಂಟು ಕೊಟ್ಟು ಹಿಡಿದ ಹಳೇ ಬಾಡಿಗೆಯದು. 1896ರ ಪ್ಲೇಗಿನ ನಂತರ, 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್, ಮಾಟುಂಗ, ಸಯನ್‌ಗಳ ಗದ್ದೆ-ತೋಟಗಳನ್ನು ಅಳೆದು ರಸ್ತೆ ಹಾಕಿತಲ್ಲ, ಆ ಬಡಾವಣೆಗಳಲ್ಲಿ ಮುಂದೆ ಎದ್ದುನಿಂತ ಕಟ್ಟಡಗಳ ಪೈಕಿ ಒಂದು. ಇಂಥ ಕಟ್ಟಡಗಳಲ್ಲಿ ಬಾಡಿಗೆದಾರ ಮಾಲೀಕನಿಗೆ ಹೆದರುವ ಪದ್ಧತಿಯೇ ಇಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯ್ದೆ, ಅದರ ಜಾಗಕ್ಕೆ ಬಂದ 1999ರ ಮಹಾರಾಷ್ಟ್ರದ ಕಾಯ್ದೆ, ಎರಡೂ ಬಾಡಿಗೆದಾರನ ಬೆನ್ನಿಗೆ ನಿಂತವು. ಗಚ್ಚು ಸೋರಿದರೆ ನಮ್ಮ ಮಹಡಿಯ ಅಜ್ಜ ಮಾಲೀಕನ ಮುನೀಮನನ್ನು ಮೆಟ್ಟಿಲ ಮೇಲೇ ನಿಲ್ಲಿಸಿ ದಬಾಯಿಸುತ್ತಾರೆ. ತಿಂಗಳಿಗೆ ಅವರು ಕಟ್ಟುವ ಬಾಡಿಗೆಯಲ್ಲಿ ಇಂದು ಮಾಟುಂಗದಲ್ಲಿ ಇಬ್ಬರು ಹೊಟ್ಟೆತುಂಬ ಉಣ್ಣಲಾಗದು. ಇದು ನ್ಯಾಯವೇ ಎಂದು ಕೇಳಿದರೆ ನಾನು ಅಡ್ಡಗೋಡೆಯ ಮೇಲೆ ದೀಪ ಇಡುತ್ತೇನೆ, ನಾನೂ ಅದೇ ಬಾಡಿಗೆಯವಳು. ಆದರೆ ಒಂದು ಮಾತು ನಿಜ: ಜಗಳಕ್ಕೆ ಇಲ್ಲಿ ಜಾಗವಿದೆ. ಮಾಲೀಕ ಬರೀ ಮಾಲೀಕ. ಅಜ್ಜನ ಪೆನ್ಶನ್ ಅವನ ಕೈಯಲ್ಲಿಲ್ಲ, ಮೊಮ್ಮಗನ ಫಲಿತಾಂಶವೂ ಅವನ ಕೈಯಲ್ಲಿಲ್ಲ.

ಹಾಸ್ಟೆಲಿನಲ್ಲಿ ಇವೆಲ್ಲ ಒಂದೇ ಕೈಗೆ ಬಂದು ಸೇರುತ್ತವೆ. ಕೋಣೆ ಹಂಚುವವರು, ಹಾಜರಿ ಹಾಕುವವರು, ಪ್ರಾಜೆಕ್ಟಿಗೆ ಸಹಿ ಮಾಡುವವರು, ಮನೆಗೆ ಫೋನು ಮಾಡಿ "ನಿಮ್ಮ ಮಗಳ ನಡವಳಿಕೆ ಸರಿಯಿಲ್ಲ" ಎನ್ನುವ ಅಧಿಕಾರ ಇರುವವರು ಒಬ್ಬರೇ, ಅಥವಾ ಒಂದೇ ಸ್ಟಾಫ್‌ರೂಮಿನಲ್ಲಿ ಚಹಾ ಕುಡಿಯುವವರು. ಅವರು ಕೆಟ್ಟವರಾಗಿರಬೇಕೆಂದೇನಿಲ್ಲ. ನನಗೆ ಪರಿಚಯದ ಉಪನ್ಯಾಸಕಿಯೊಬ್ಬರು ಬೇರೊಂದು ಕಾಲೇಜಿನಲ್ಲಿ ವಾರ್ಡನ್ ಆಗಿದ್ದವರು. ರಾತ್ರಿ ಹನ್ನೊಂದಕ್ಕೆ ಟ್ಯಾಂಕರ್‌ನವನನ್ನು ಫೋನಿನಲ್ಲಿ ಗೋಗರೆದು, ಬೆಳಿಗ್ಗೆ ಎಂಟಕ್ಕೆ ಪಾಠಕ್ಕೆ ನಿಲ್ಲಬೇಕಿತ್ತು. ಪಂಪು ಕೆಟ್ಟರೆ ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ, ಅವರು ಓದಿದ್ದು ಸಸ್ಯಶಾಸ್ತ್ರ. ಬೇಡವೆಂದರೂ ಹೆಗಲಿಗೆ ಬಂದ ಹೊರೆಯನ್ನು ಹೊತ್ತವರ ಮೇಲೆ ಕೂಗಾಡುವುದು ಕಷ್ಟ. ಪ್ರೀತಿಯಿಂದ ನಡೆದುಕೊಳ್ಳುವ ವಾರ್ಡನ್ ಇದ್ದರಂತೂ ದೂರು ಹೇಳುವುದು ಇನ್ನೂ ಕಷ್ಟ.

ಎಲ್ಲವೂ ಒಂದೇ ಕೈಯಲ್ಲಿರುವ ಈ ವ್ಯವಸ್ಥೆಯ ಅತಿರೇಕದ ರೂಪ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ನಮ್ಮೆಲ್ಲರ ಬಾಯಲ್ಲಿ ಸಯನ್ ಆಸ್ಪತ್ರೆ ಎನಿಸಿಕೊಂಡ ಲೋಕಮಾನ್ಯ ತಿಲಕ್ ಆಸ್ಪತ್ರೆ 1947ರಲ್ಲಿ ಶುರುವಾದದ್ದು, ಅದಕ್ಕೆ ವೈದ್ಯಕೀಯ ಕಾಲೇಜು ಸೇರಿದ್ದು 1964ರಲ್ಲಿ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಉರುಳಿದವರು, ಲೋಕಲ್ ರೈಲಿನಿಂದ ಬಿದ್ದವರು, ಧಾರಾವಿಯ ಜ್ವರ, ಹೆರಿಗೆ, ಎಲ್ಲ ಬರುವುದು ಅಲ್ಲಿಗೇ. ಅವರನ್ನು ಮೊದಲು ಮುಟ್ಟುವವರು ರೆಸಿಡೆಂಟ್ ಡಾಕ್ಟರುಗಳು. ಇಂಗ್ಲಿಷಿನಲ್ಲಿ ಅವರ ಹುದ್ದೆಯ ಹೆಸರಲ್ಲೇ ವಾಸ ಸೇರಿಕೊಂಡಿದೆ. ಆಸ್ಪತ್ರೆಯ ಆವರಣದಲ್ಲೇ ಇರಬೇಕು, ಕರೆದಾಗ ಓಡಿಬರಬೇಕು ಎಂಬ ಕರಾರಿನ ಮೇಲೆಯೇ ಆ ವ್ಯವಸ್ಥೆ ಹುಟ್ಟಿದ್ದು. ಆದರೆ 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ರೆಸಿಡೆಂಟ್ ಡಾಕ್ಟರುಗಳ ಸಂಘಟನೆ 'ಮಾರ್ಡ್' ಮುಷ್ಕರ ಹೂಡಿದಾಗ ಕೇಳಿದ್ದೇನು? ಹಾಸ್ಟೆಲ್ ಕೊಡಿ, ವಿದ್ಯಾವೇತನ ಹೆಚ್ಚಿಸಿ, ಅದನ್ನು ಹೊತ್ತಿಗೆ ಸರಿಯಾಗಿ ಕೊಡಿ. 2023ರ ಜನವರಿಯ ಮುಷ್ಕರದಲ್ಲೂ ಹಾಸ್ಟೆಲಿನ ಮಾತಿತ್ತು. 2019ರಲ್ಲಿ ಆರ್ಥಿಕವಾಗಿ ದುರ್ಬಲರ ಮೀಸಲಾತಿ ಬಂದಾಗ ಕಾಲೇಜುಗಳಲ್ಲಿ ಸೀಟು ಹೆಚ್ಚಿದವು. ಸೀಟು ಹೆಚ್ಚಲು ಒಂದು ಸುತ್ತೋಲೆ ಸಾಕು, ಕೋಣೆ ಹೆಚ್ಚಲು ಸಿಮೆಂಟು ಬೇಕು. ಆಗ ಇಬ್ಬರ ಕೋಣೆಯಲ್ಲಿ ಮೂರನೆಯವರು ಬಂದು ಸೇರುತ್ತಾರೆ, ನೆಲದ ಮೇಲೆ ನಾಲ್ಕನೆಯ ಗಾದಿ ಬೀಳುತ್ತದೆ. ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಹೀಗೆ ಇರುವವರನ್ನು ಇಲ್ಲಿನ ಹಾಸ್ಟೆಲುಗಳಲ್ಲಿ 'ಪ್ಯಾರಸೈಟ್' ಎನ್ನುತ್ತಾರೆ. ಹುಡುಗರು ಹಾಗೆ ಪರಸ್ಪರ ತಮಾಷೆಗೆ ಕರೆದುಕೊಳ್ಳುವುದನ್ನು ಕೇಳಿದಾಗ ನನಗೆ ನಗು ಬರಲಿಲ್ಲ.

ಈ ರೆಸಿಡೆಂಟರು ವಿದ್ಯಾರ್ಥಿಗಳೋ ನೌಕರರೋ ಎಂಬ ಪ್ರಶ್ನೆಗೆ ಉತ್ತರ ಕೇಳುವ ಹೊತ್ತಿನ ಮೇಲೆ ನಿಂತಿದೆ. ಸಂಬಳದ ಮಾತು ಬಂದರೆ ವಿದ್ಯಾರ್ಥಿಗಳು, ಅದಕ್ಕೇ ಅದು 'ವಿದ್ಯಾವೇತನ'. ಡ್ಯೂಟಿಯ ಮಾತು ಬಂದರೆ ನೌಕರರು. ರೆಸಿಡೆಂಟರಿಗೆ ವಾರಕ್ಕೆ 48 ಗಂಟೆ, ಒಮ್ಮೆಗೆ 12 ಗಂಟೆ ಮೀರದಂತೆ ಕೆಲಸ ಎಂದು ಕೇಂದ್ರದ ರೆಸಿಡೆನ್ಸಿ ಯೋಜನೆಯಲ್ಲಿ 1992ರಲ್ಲೇ ಬರೆದಿಟ್ಟಿದ್ದಾರೆ. ಎಮರ್ಜೆನ್ಸಿ ವಾರ್ಡಿನಲ್ಲಿ ಕೆಲಸ ಮಾಡಿದ ಯಾರ ಮುಂದಾದರೂ ಇದನ್ನು ಓದಿ ನೋಡಿ.

ನನ್ನ ತಂಗಿಯ ಮಗಳು ವೈದ್ಯಕೀಯದವಳಲ್ಲ. ಆದರೂ ಅವಳ ಹಾಸ್ಟೆಲಿನಲ್ಲಿ ಇದೇ ಚಳಕ ಬೇರೆ ವೇಷದಲ್ಲಿತ್ತು. ಗೇಟು ಮುಚ್ಚುವ ಹೊತ್ತಿಗೆ ಅವಳು ಮಗು: ಒಂಬತ್ತೂವರೆಗೆ ಒಳಗಿರಬೇಕು, ನೈಟ್‌ಔಟ್‌ಗೆ ಅಪ್ಪನ ಸಹಿ ಬೇಕು, ಮಾವನ ಮನೆಗೆ ಹೋದರೂ ಮಾವ ಫೋನು ಮಾಡಬೇಕು. ನಳ್ಳಿಯಲ್ಲಿ ನೀರಿಲ್ಲದ ಹೊತ್ತಿಗೆ ಅದೇ ಹುಡುಗಿ ದೊಡ್ಡವಳು: "ಇಷ್ಟೂ ಅಡ್ಜಸ್ಟ್ ಮಾಡಿಕೊಳ್ಳದಿದ್ದರೆ ಮುಂದೆ ಜೀವನ ಹೇಗೆ?" ಮಗುವೆಂದು ಲಾಲಿಸುವುದೂ ಇಲ್ಲ, ದೊಡ್ಡವಳೆಂದು ಕೇಳುವುದೂ ಇಲ್ಲ. ಎರಡರಲ್ಲೂ ಅನುಕೂಲವಾದ ಅರ್ಧವನ್ನು ಮಾತ್ರ ಸಂಸ್ಥೆ ಎತ್ತಿಕೊಂಡಿರುತ್ತದೆ.

2022ರಲ್ಲಿ ಕೋಳಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಹುಡುಗಿಯರು ರಾತ್ರಿ ಒಂಬತ್ತೂವರೆಯ ಗೇಟಿನ ವಿರುದ್ಧ ಕೇರಳ ಹೈಕೋರ್ಟಿಗೆ ಹೋದರು. ಹುಡುಗಿಯರನ್ನೇ ಏಕೆ ಕೂಡಿಹಾಕಬೇಕು, ಭಯ ಹುಟ್ಟಿಸುವವರು ಗಂಡಸರಾದರೆ ಅವರನ್ನೇ ಒಳಗಿಡಬಾರದೇಕೆ ಎಂಬ ಅರ್ಥದ ಪ್ರಶ್ನೆ ನ್ಯಾಯಪೀಠದಿಂದಲೇ ಬಂತು. ಅದಕ್ಕೂ ಮೊದಲು, 2019ರಲ್ಲಿ, ಅದೇ ಜಿಲ್ಲೆಯ ಇನ್ನೊಂದು ಕಾಲೇಜಿನ ಹುಡುಗಿ ಸಂಜೆಯ ಹೊತ್ತು ಮೊಬೈಲು ಒಪ್ಪಿಸಲು ನಿರಾಕರಿಸಿ ಹಾಸ್ಟೆಲಿನಿಂದ ಹೊರಬಿದ್ದಿದ್ದಳು. ಇಂಟರ್ನೆಟ್ಟಿನ ಬಳಕೆ ಶಿಕ್ಷಣ ಮತ್ತು ಖಾಸಗಿತನದ ಹಕ್ಕಿಗೆ ಸೇರಿದ್ದೆಂದು ಕೋರ್ಟು ಅವಳ ಪರ ನಿಂತಿತು. ಈ ಎರಡು ಪ್ರಕರಣಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ತೀರ್ಪಿಗಿಂತ ದಾರಿ. ಗೇಟಿನ ಬಗ್ಗೆ, ಮೊಬೈಲಿನ ಬಗ್ಗೆ ಒಂದು ಮಾತು ಹೇಳಲು ಹೈಕೋರ್ಟಿನವರೆಗೆ ಹೋಗಬೇಕಾಯಿತು, ಏಕೆಂದರೆ ನಡುವೆ ಕೇಳುವವರು ಯಾರೂ ಇರಲಿಲ್ಲ.

ಗೇಟಿಗೆ ನಾವು ಕೊಡುವ ಕಾರಣ ರಕ್ಷಣೆ. ನಾನೂ ಕೊಡುತ್ತೇನೆ; ತಂಗಿಗೆ "ಚಿಂತಿ ಮಾಡಬ್ಯಾಡ, ಗೇಟ್ ಲಗೂನ ಹಾಕ್ತಾರ" ಎಂದು ಸಮಾಧಾನ ಹೇಳಿದವಳು ನಾನೇ. ಆದರೆ 2023ರ ಜೂನ್‌ನಲ್ಲಿ ಚರ್ನಿ ರೋಡಿನ ಸಾವಿತ್ರಿಬಾಯಿ ಫುಲೆ ಹಾಸ್ಟೆಲಿನಲ್ಲಿ ವಿದ್ಯಾರ್ಥಿನಿಯ ಕೊಲೆಯಾದಾಗ ಪೊಲೀಸರು ಶಂಕಿಸಿದ್ದು ಅಲ್ಲಿಯೇ ಕೆಲಸಕ್ಕಿದ್ದವನನ್ನು. ಗೇಟು ಅವನಿಗೆ ತಡೆಯಾಗಿರಲಿಲ್ಲ. ಹೊರಗಿನವರನ್ನು ತಡೆಯುವುದರಲ್ಲೇ ನಮ್ಮ ಗಮನವೆಲ್ಲ ಹೋಗಿ, ಒಳಗಿನವರ ಬಗ್ಗೆ ಅಂಜಿಕೆ ಹೇಳಿಕೊಳ್ಳಲು ಒಂದು ಬಾಗಿಲೂ ಉಳಿಯುವುದಿಲ್ಲ.

ನಾಯರ್ ಆಸ್ಪತ್ರೆಯ ಡಾ. ಪಾಯಲ್ ತಡ್ವಿಯ ಸಾವಿನ ಬಗ್ಗೆ ಯೋಚಿಸಿದಾಗಲೂ ನನಗೆ ಕಾಣುವುದು ಇದೇ. ಬುಡಕಟ್ಟು ಸಮುದಾಯದಿಂದ ಬಂದ, ಸ್ತ್ರೀರೋಗ ವಿಭಾಗದ ಎರಡನೇ ವರ್ಷದ ರೆಸಿಡೆಂಟ್. 2019ರ ಮೇ ತಿಂಗಳಲ್ಲಿ ಹಾಸ್ಟೆಲ್ ಕೋಣೆಯಲ್ಲೇ ಜೀವ ಕಳೆದುಕೊಂಡರು. ಅದೇ ವಿಭಾಗದ ಮೂವರು ಸೀನಿಯರುಗಳು ಜಾತಿ ಹಿಡಿದು ಹಿಂಸಿಸಿದರೆಂಬುದು ಕುಟುಂಬದ ಆರೋಪ. ಅದು ನ್ಯಾಯಾಲಯಕ್ಕೆ ಹೋದ ವಿಷಯ, ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಬಂದ ಹೊಸತರಲ್ಲಿ ಅವರಲ್ಲಿ ಇಬ್ಬರ ಜೊತೆಗೇ ಪಾಯಲ್ ಕೋಣೆ ಹಂಚಿಕೊಂಡಿದ್ದರೆಂದು ಆಗ ವರದಿಯಾಗಿತ್ತು. ಆಪರೇಷನ್ ಥಿಯೇಟರಿನಲ್ಲಿ ಕೆಲಸ ಹಂಚುವವರು ರಾತ್ರಿ ಪಕ್ಕದ ಮಂಚದಲ್ಲೂ ಇದ್ದರೆ ಮನುಷ್ಯ ಅಳುವುದಕ್ಕೆ ಎಲ್ಲಿಗೆ ಹೋಗಬೇಕು? ಕಚೇರಿಯಲ್ಲಿ ಬೈಸಿಕೊಂಡವರಿಗೆ ಮನೆಯಿದೆ, ಮನೆಯಲ್ಲಿ ನೊಂದವರಿಗೆ ಕಚೇರಿಯಾದರೂ ಇದೆ. ಎರಡೂ ಒಂದೇ ಆವರಣದಲ್ಲಿ, ಒಂದೇ ಜನರ ಕೈಯಲ್ಲಿದ್ದರೆ ಒಂದರಿಂದ ಇನ್ನೊಂದಕ್ಕೆ ತಪ್ಪಿಸಿಕೊಳ್ಳುವ ದಾರಿ ಇರುವುದಿಲ್ಲ.

ಮುಂಬಯಿ ಕನ್ನಡಿಗರಾದ ನಮಗೆ ಇದು ಗೊತ್ತಿಲ್ಲದ್ದೇನಲ್ಲ. ತುಳುನಾಡಿನಿಂದ ಹತ್ತು-ಹನ್ನೆರಡರ ವಯಸ್ಸಿಗೆ ಬಂದ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆದು, ಅಂಗಡಿ ಮುಚ್ಚಿದ ಮೇಲೆ ಅದೇ ಬೆಂಚುಗಳ ಮೇಲೆ ಮಲಗುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ವಕೀಲರಾದರು, ಬ್ಯಾಂಕು ಸೇರಿದರು, ತಾವೇ ಹೋಟೆಲು ಹಾಕಿದರು. ನಮ್ಮ ಸಭೆಗಳಲ್ಲಿ ಈ ಕಥೆ ಹೆಮ್ಮೆಯಿಂದ ಬರುತ್ತದೆ, ಬರಬೇಕಾದದ್ದೇ. ಆದರೆ ಆ ಹಿರಿಯರನ್ನು ಸಭೆ ಮುಗಿದ ಮೇಲೆ ಒಬ್ಬರೇ ಸಿಕ್ಕಾಗ ಕೇಳಿ ನೋಡಿ. ಧಣಿ ಒಳ್ಳೆಯವನಾಗಿದ್ದರೆ ಶಾಲೆಗೆ ಬೇಗ ಬಿಡುತ್ತಿದ್ದ, ಫೀಸನ್ನೂ ಕಟ್ಟುತ್ತಿದ್ದ. ಮುನಿದರೆ ಕೆಲಸ ಹೋದ ರಾತ್ರಿಯೇ ಹಾಸಿಗೆಯೂ ಹೋಗುತ್ತಿತ್ತು, ಟ್ರಂಕು ಫುಟ್‌ಪಾತಿಗೆ ಬರುತ್ತಿತ್ತು. ಅನ್ನ, ಸೂರು, ಓದು ಮೂರೂ ಒಬ್ಬನ ಮರ್ಜಿಯಲ್ಲಿದ್ದ ಆ ದಿನಗಳಿಂದ ಮಕ್ಕಳನ್ನು ಪಾರುಮಾಡಲೆಂದೇ ಆ ಹಿರಿಯರು ಅವರನ್ನು ಕಾಲೇಜಿಗೆ ಕಳಿಸಿದ್ದು. ಉತ್ತರ ಕರ್ನಾಟಕದ ನಮ್ಮ ಕಡೆ ಬೋರ್ಡಿಂಗುಗಳು ಬರುವ ಮುಂಚೆ ವಾರಾನ್ನವಿತ್ತು. ಸೋಮವಾರದ ಮನೆಯವರು ಮುಖ ಗಂಟಿಕ್ಕಿದರೂ ಮಂಗಳವಾರದ ಮನೆ ಬೇರೆ ಇರುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದ ನೆನಪು. ಭಿಕ್ಷೆಯಲ್ಲೂ ಏಳು ಬಾಗಿಲುಗಳಿದ್ದವು.

ಇನ್ನೊಂದು ಬಾಗಿಲಿದ್ದರೆ ಮೊದಲಿನ ಬಾಗಿಲಿನವರೂ ಸ್ವಲ್ಪ ನೆಟ್ಟಗಿರುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಸ್ನಾತಕೋತ್ತರ ನಿಯಮಗಳಲ್ಲಿ ಒಂದು ಸಾಲು ಸೇರಿಸಿತು: ವಿದ್ಯಾರ್ಥಿಗಳಿಗೆ ವಸತಿ ಕೊಡುವುದು ಕಾಲೇಜಿಗೆ ಕಡ್ಡಾಯ, ಅಲ್ಲಿರುವುದು ವಿದ್ಯಾರ್ಥಿಗೆ ಕಡ್ಡಾಯವಲ್ಲ. ಒಣ ಭಾಷೆಯ ಈ ಸಾಲು ಬರೆದವರಿಗೆ ಸಮಸ್ಯೆಯ ನಾಡಿ ಸಿಕ್ಕಿತ್ತು ಅನಿಸುತ್ತದೆ. ಬಿಟ್ಟುಹೋಗಬಲ್ಲವರ ದೂರಿಗೆ ಮಾತ್ರ ಬೆಲೆ. ಆದರೆ ಸಯನ್‌ನಲ್ಲಿ ಬಿಟ್ಟು ಎಲ್ಲಿಗೆ ಹೋಗುವುದು? ಪ್ರತೀಕ್ಷಾ ನಗರದಲ್ಲೋ ಅಂಟಾಪ್ ಹಿಲ್‌ನಲ್ಲೋ ಕಾಟ್ ಬೇಸಿಸ್ ಮೇಲೆ ಒಂದು ಮಂಚ ಹಿಡಿಯಬೇಕೆಂದರೂ ಡಿಪಾಸಿಟ್ಟು, ದಲಾಲಿ, ಹನ್ನೊಂದು ತಿಂಗಳ ಕರಾರು, ಮೇಲೆ "ನಾನ್‌ವೆಜ್ ಮಾಡುವಂತಿಲ್ಲ, ರಾತ್ರಿ ತಡವಾಗಿ ಬರುವಂತಿಲ್ಲ". ಮಳೆಗಾಲದಲ್ಲಿ ಗಾಂಧಿ ಮಾರ್ಕೆಟ್ ಹತ್ತಿರ ಮೊಣಕಾಲುದ್ದ ನೀರು ನಿಂತ ದಿನ ಆವರಣದೊಳಗಿನ ತಿಗಣೆಯ ಮಂಚವೇ ಸ್ವರ್ಗ. ಸಂಸ್ಥೆಗೂ ಇದು ಗೊತ್ತು.

ಹೊಸ ಹಾಸ್ಟೆಲುಗಳ ಸುದ್ದಿ ಬಂದಾಗ ಎಷ್ಟು ಮಹಡಿ, ಎಷ್ಟು ಹಾಸಿಗೆ ಎಂದು ಲೆಕ್ಕ ಹೇಳುತ್ತಾರೆ. ಅದು ಬೇಕಾದದ್ದೇ, ಕೋಣೆಯೇ ಇಲ್ಲದವರ ಮುಂದೆ ನಾನು ತತ್ವ ಹೇಳಲಾರೆ. ಆದರೆ ಪಾಠ ಹೇಳದ, ಅಂಕ ಕೊಡದ ಒಬ್ಬ ವ್ಯವಸ್ಥಾಪಕನನ್ನು ಹಾಸ್ಟೆಲಿಗೆ ಇಡಲು ಎಷ್ಟು ಸಿಮೆಂಟು ಬೇಕು? ದೂರಿನ ಪುಸ್ತಕ ವಿಭಾಗದ ಮುಖ್ಯಸ್ಥರ ಮೇಜಿಗೆ ಹೋಗದಂತೆ ನೋಡಿಕೊಳ್ಳಲು ಯಾವ ಟೆಂಡರು ಕರೆಯಬೇಕು?

ಕಳೆದ ಜೂನ್‌ನಲ್ಲಿ ಗದಗಿನಿಂದ ನಮ್ಮ ದೂರದ ಸಂಬಂಧಿಯೊಬ್ಬರು ಫೋನು ಮಾಡಿದ್ದರು. ಮಗನಿಗೆ ಮುಂಬಯಿಯ ಕಾಲೇಜಿನಲ್ಲಿ ಸೀಟು ಸಿಗುವ ಹಾಗಿದೆ, ಹಾಸ್ಟೆಲ್ ಹೇಗೆ, ಊಟ ಹೇಗೆ ಎಂದು ವಿಚಾರಿಸಿದರು. ಊಟದ ಸಂಗತಿ ಬಿಡಿ, ವಾರ್ಡನ್ ಯಾರು, ಅವರೇ ಇವನಿಗೆ ಪಾಠವನ್ನೂ ಹೇಳುತ್ತಾರೇನು, ದೂರು ಕೊಡಬೇಕಾದರೆ ಯಾರಿಗೆ ಕೊಡಬೇಕು, ಇಷ್ಟನ್ನು ಅಡ್ಮಿಶನ್ ಹೊತ್ತಿಗೆ ಆಫೀಸಿನಲ್ಲಿ ಕೇಳಿಕೊಳ್ಳಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

"ಅಲ್ರಿ ಅಕ್ಕಾರ," ಅಂದರು ಕಡೆಗೆ, "ಹಂಗೆಲ್ಲಾ ಕೇಳಿದ್ರ ಸೀಟ್ ಕೊಡ್ತಾರೇನ್ರಿ?"