ಬಾಗಿಲಾಚೆ ಹೋಗುವುದು, ಮೇಜಿನಲ್ಲೇ ಉಳಿಯುವುದು: ಹೊಸ ಜಿಎಂಗಾಗಿ ಒಂದು ಮೀಮಾಂಸೆ

ವಿಷಯ ಇದು. ಒಂದು ಮೇಜು, ಸುತ್ತ ನಾಲ್ಕರಿಂದ ಆರು ಮಂದಿ ಆಟಗಾರರು, ತುದಿಯಲ್ಲೊಬ್ಬ ಗೇಮ್ ಮಾಸ್ಟರ್. ಎಲ್ಲರ ಬಾಯಲ್ಲೂ ಜಿಎಂ. ತನ್ನ ಪಾತ್ರ ಏನು ಮಾಡುತ್ತದೆಂದು ಆಟಗಾರ ಹೇಳುತ್ತಾನೆ, ಅದಕ್ಕೆ ಲೋಕ ಏನನ್ನುತ್ತದೆಂದು ಜಿಎಂ ಹೇಳುತ್ತಾನೆ, ಏನಾದೀತೋ ಎಂಬ ಅನುಮಾನವಿದ್ದ ಕಡೆ ಇಪ್ಪತ್ತು ಮುಖದ ದಾಳ ಉರುಳುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರತಂದಾಗಿನಿಂದ ಈ ಆಟದ ಬುಡ ಇಷ್ಟೇ. ಮನೆಯಲ್ಲಿ ಗೆಳೆಯರೊಂದಿಗೆ ಆಡುವಾಗ ಜಿಎಂ ಆಡಿದ್ದೇ ಮಾತು. ಆದರೆ ಸಂಘಟಿತ ಆಟ ಬೇರೆ. ಪಾತ್‌ಫೈಂಡರ್ ಎಂಬ ಇಂಥದೇ ಆಟಕ್ಕೆ 2008ರಲ್ಲಿ ಶುರುವಾದ ಪಾತ್‌ಫೈಂಡರ್ ಸೊಸೈಟಿ, ಡಂಜನ್ಸ್ ಅಂಡ್ ಡ್ರಾಗನ್ಸ್‌ಗೆ 2014ರಲ್ಲಿ ಬಂದ ಅಡ್ವೆಂಚರರ್ಸ್ ಲೀಗ್ ಇವುಗಳಲ್ಲಿ ಮೊದಲೇ ಬರೆದಿಟ್ಟ ಒಂದೇ ಸಾಹಸಕಥೆಯನ್ನು, ಅಂದರೆ ಸಿನಾರಿಯೊವನ್ನು, ಎಷ್ಟೋ ಊರುಗಳಲ್ಲಿ ಎಷ್ಟೋ ಜಿಎಂಗಳು ನಡೆಸುತ್ತಾರೆ. ಇಂಡಿಯಾನಾಪೊಲಿಸ್‌ನ ಆಟಮೇಳ ಜೆನ್ ಕಾನ್‌ನಲ್ಲಿ ಆಡಿದ ಪಾತ್ರವನ್ನು ಮುಂದಿನ ತಿಂಗಳು ಇನ್ನೊಂದು ದೇಶದ ಆಟದಂಗಡಿಗೆ ಒಯ್ದು, ಗುರುತೇ ಇಲ್ಲದವರ ಜೊತೆ ಕೂತು ಆಡಬಹುದು. ಸೊಸೈಟಿಯಲ್ಲಿ ಪ್ರತಿ ಆಟದ ಕೊನೆಗೆ ಜಿಎಂ ಕೊಡುವ ಕ್ರಾನಿಕಲ್ ಹಾಳೆಯೇ ಆ ಪಾತ್ರದ ಪಾಸ್‌ಬುಕ್ಕು.

ಸಂಶಯ ಹುಟ್ಟುವುದು ಇಲ್ಲಿ. ಇಂಥ ಮೇಜಿನಲ್ಲಿ ಜಿಎಂಗೆ ಎಷ್ಟು ಸ್ವಾತಂತ್ರ್ಯ? ಹೊಸಬರು ಎರಡರಲ್ಲೊಂದು ತುದಿ ಹಿಡಿಯುತ್ತಾರೆ. ಮನೆಯಾಟದಿಂದ ಬಂದವರು ಎಲ್ಲವನ್ನೂ ತಮಗೆ ತೋಚಿದಂತೆ ಬದಲಿಸುತ್ತಾರೆ. ಭಯಸ್ಥರು ಪುಟ ನೋಡಿಕೊಂಡು ಒಪ್ಪಿಸುತ್ತಾರೆ. ನಾನು ಹತ್ತಾರು ಮೇಜು ನಡೆಸಿ ಕಂಡುಕೊಂಡ ಸಿದ್ಧಾಂತ ಹೀಗಿದೆ: ಆಟ ಮುಗಿದ ಮೇಲೆ ಪಾತ್ರದ ಜೊತೆ ಬಾಗಿಲಾಚೆ ಹೋಗುವುದೆಲ್ಲ ವಿಧಿ, ಅದನ್ನು ಬರೆದ ಹಾಗೆಯೇ ನಡೆಸಬೇಕು. ಮೇಜಿನಲ್ಲೇ ಹುಟ್ಟಿ ಮೇಜಿನಲ್ಲೇ ಮುಗಿಯುವುದೆಲ್ಲ ನಿಮ್ಮದು, ಅಲ್ಲಿ ಧಾರಾಳವಾಗಿರಿ.

ಇದರ ಬೇರು ಇತಿಹಾಸದಲ್ಲಿದೆ. 1975ರ ಒರಿಜಿನ್ಸ್ ಮೇಳದಲ್ಲಿ ಗೈಗ್ಯಾಕ್ಸ್‌ರ ‘ಟೂಂಬ್ ಆಫ್ ಹಾರರ್ಸ್’ ಸ್ಪರ್ಧೆಯಾಗಿ ನಡೆಯಿತು. ಯಾವ ತಂಡ ಎಷ್ಟು ದೂರ ಹೋಯಿತು ಎಂದು ಅಳೆಯಬೇಕಾದರೆ ಎಲ್ಲರಿಗೂ ಒಂದೇ ಗೋರಿ, ಒಂದೇ ಬಲೆ ಇರಬೇಕು. ಆಮೇಲೆ 1980ರಲ್ಲಿ ಆರ್‌ಪಿಜಿಎ ಎಂಬ ಸಂಘ ಬಂತು, ಅದರಡಿ ‘ಲಿವಿಂಗ್ ಸಿಟಿ’ ಎಂಬ ಆಟಸರಣಿ ಬಂತು, 2000ದಿಂದ 2008ರವರೆಗೆ ‘ಲಿವಿಂಗ್ ಗ್ರೇಹಾಕ್’ ನಡೆಯಿತು. ಸ್ಪರ್ಧೆಯ ಅಂಕ ಹಿಂದೆ ಸರಿದು, ಊರೂರು ಸುತ್ತುವ ಪಾತ್ರ ಮುಂದೆ ಬಂತು. ಸಮತೆಯ ಬೇಡಿಕೆ ಮಾತ್ರ ಉಳಿಯಿತು, ಅದೂ ಇನ್ನಷ್ಟು ಬಲವಾಗಿ: ನಾನು ಪ್ರೀತಿಗೆ ಬಿದ್ದು ಒಬ್ಬನಿಗೆ ಕೊಟ್ಟ ಮಾಯಾಖಡ್ಗ ಮುಂದಿನ ವಾರ ಇನ್ಯಾರದೋ ಮೇಜಿನ ಕಾಳಗವನ್ನು ಚಪ್ಪೆ ಮಾಡುತ್ತದೆ. ಆ ಜಿಎಂ ನನಗೇನು ಅನ್ಯಾಯ ಮಾಡಿದ್ದ?

ಈಗ ಆಕ್ಷೇಪಗಳಿಗೆ ಬರೋಣ.

ಮೊದಲನೆಯದು: ‘ಬರೆದಂತೆಯೇ ನಡೆಸಬೇಕಾದರೆ ಜಿಎಂ ಯಾಕೆ? ಓದಿ ಹೇಳಲು ಒಂದು ಯಂತ್ರ ಸಾಕು.’ ಇದಕ್ಕೆ ಉತ್ತರ ವೇದದ ಯಾಗವಿಧಿಗಳನ್ನು ವಿಚಾರಿಸುವ ಮೀಮಾಂಸಾಶಾಸ್ತ್ರದಲ್ಲಿದೆ. ಅದರ ಮೂಲವಾದ ಜೈಮಿನಿಯ ಸೂತ್ರಗಳ ಒಂಬತ್ತನೇ ಅಧ್ಯಾಯ ಪೂರ್ತಿ ಊಹದ ಬಗ್ಗೆ, ಅಂದರೆ ಸಂದರ್ಭಕ್ಕೆ ತಕ್ಕ ಬದಲಾವಣೆಯ ಬಗ್ಗೆ. ಮೂಲ ಯಾಗದಲ್ಲಿ ಅಗ್ನಿಗೆ ಹೇಳಿದ ಮಂತ್ರವನ್ನು ಸೂರ್ಯನ ಯಾಗಕ್ಕೆ ತಂದಾಗ ಅಗ್ನಿಯ ಹೆಸರಿದ್ದಲ್ಲಿ ಸೂರ್ಯನ ಹೆಸರು ಬರಬೇಕು. ಬಾರದಿದ್ದರೆ ಮಂತ್ರ ತನ್ನ ಕೆಲಸವನ್ನೇ ಮಾಡದು. ವಿಧಿಗೆ ನಿಷ್ಠರಾದವರೇ ಬದಲಾವಣೆಯ ಶಾಸ್ತ್ರವನ್ನೂ ಬರೆದರು. ನಮ್ಮ ಮೇಜಿಗೂ ಅದೇ ನ್ಯಾಯ. ಒಮ್ಮೆ ನಾನು ನಡೆಸುತ್ತಿದ್ದ ಸಿನಾರಿಯೊದಲ್ಲಿ ಕುಳ್ಳ ರಕ್ಕಸರಂಥ ನಾಲ್ಕು ಗಾಬ್ಲಿನ್‌ಗಳು ಸೇತುವೆ ಕಾಯುತ್ತಿದ್ದವು, ಮುಂದೆ ಕಾಳಗವೆಂದು ಬರೆದಿತ್ತು. ಮೊದಲ ಸಲ ಆಡುತ್ತಿದ್ದ ಹುಡುಗನೊಬ್ಬ, ‘ನನ್ನ ಚೀಲದಲ್ಲಿ ಒಣಮೀನಿದೆ, ಕೊಟ್ಟರೆ ಬಿಡುತ್ತಾವಾ?’ ಎಂದ. ಬರೆದವರು ಮೀನನ್ನು ಊಹಿಸಿರಲಿಲ್ಲ. ಗಾಬ್ಲಿನ್‌ಗಳ ವಿಲ್ (ಮನೋಬಲ) ಅಂಕ ಪುಟದಲ್ಲೇ ಇತ್ತು, ಅದರೆದುರು ಡಿಪ್ಲೊಮಸಿಯ, ಅಂದರೆ ಮನವೊಲಿಸುವ ಕೌಶಲದ, ದಾಳ ಹಾಕಿಸಿದೆ, ಗೆದ್ದ. ಗಾಬ್ಲಿನ್‌ಗಳು ಮೀನಿಗಾಗಿ ತಮ್ಮೊಳಗೇ ಕಿತ್ತಾಡುತ್ತಿರುವಾಗ ಆರೂ ಮಂದಿ ದಾಟಿಹೋದರು. ಕಾಳಗ ಗೆದ್ದಿದ್ದರೆ ಸಿಗಬೇಕಾದ ನಿಧಿ ಅಷ್ಟಕ್ಕಷ್ಟೇ ಸಿಕ್ಕಿತು, ಒಂದು ಕಾಸು ಹೆಚ್ಚಿಲ್ಲ, ಕಡಿಮೆಯಿಲ್ಲ. ಪಾತ್‌ಫೈಂಡರ್ ಸೊಸೈಟಿಯ ನಿಯಮಗಳೂ ಇಂಥ ಜಾಣ ಪರಿಹಾರಗಳಿಗೆ ಪೂರ್ಣ ಫಲ ಕೊಡಿ ಎಂದೇ ಹೇಳುತ್ತವೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಕೃಷ್ಣನ ಸಂಧಾನ ಮುರಿದೇ ಬೀಳುತ್ತದೆಂದು ಸಭೆಗೆಲ್ಲ ಗೊತ್ತು, ಪದ್ಯ ಬದಲಾಗದು. ಆದರೂ ಅರ್ಥಧಾರಿ ಏನು ಹೇಳಿಯಾನೆಂದು ಜನ ಬೆಳಗಿನವರೆಗೆ ಕೂರುತ್ತಾರೆ.

ಎರಡನೆಯ ಆಕ್ಷೇಪ ಕರುಣೆಯದು, ನನ್ನನ್ನು ಬಹಳ ದಿನ ಕಾಡಿದ್ದು. ‘ಹೊಸ ಆಟಗಾರ್ತಿಯ ಒಂದನೇ ಮಟ್ಟದ ಪಾತ್ರಕ್ಕೆ ತೋಳ ಕ್ರಿಟಿಕಲ್ (ಮಾರಕ) ಏಟು ಹಾಕಿದೆ. ದಾಳ ಜಿಎಂನ ಪರದೆಯ ಹಿಂದಿದೆ, ಆಟಗಾರರಿಗೆ ಕಾಣದು. ಇಪ್ಪತ್ತು ಬಿದ್ದದ್ದನ್ನು ಎಂಟು ಎಂದರೆ ಯಾರಿಗೆ ನಷ್ಟ?’ ಪಾತ್ರದ ಸಾವು ಕ್ರಾನಿಕಲ್ ಹಾಳೆಗೆ ಏರುವ ಸಂಗತಿ, ಆದ್ದರಿಂದ ಆ ಅಂಕ ನಿಮ್ಮದಲ್ಲ. ಒಮ್ಮೆ ನೀವು ದಾಳವನ್ನು ತಿದ್ದಿದ್ದು ಗೊತ್ತಾದರೆ ಆಮೇಲೆ ಆ ಮೇಜಿನಲ್ಲಿ ಯಾವ ಗೆಲುವಿಗೂ ಬೆಲೆಯಿಲ್ಲ. ಆದರೆ ಕರುಣೆಗೆ ಬೇರೆ ದಾರಿಗಳಿವೆ, ಎಲ್ಲವೂ ನಿಯಮದೊಳಗೇ ಇವೆ. ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ಕ್ರಿಟಿಕಲ್ ಏಟಿಗೆ ಬಿದ್ದವರು ಡೈಯಿಂಗ್ ಎಂಬ ಸಾವಿನ ಅಳತೆಯಲ್ಲಿ 2ರಲ್ಲಿರುತ್ತಾರೆ, 4 ಮುಟ್ಟಿದರೆ ಸಾವು. ಪ್ರತಿ ಪಾತ್ರವೂ ಆಟದ ಆರಂಭದಲ್ಲಿ ಒಂದು ಹೀರೊ ಪಾಯಿಂಟ್ ಪಡೆದಿರುತ್ತದೆ. ಕೈಯಲ್ಲಿ ಉಳಿದಿರುವ ಹೀರೊ ಪಾಯಿಂಟನ್ನೆಲ್ಲ ಖರ್ಚು ಮಾಡಿದರೆ ಸಾವು ತಪ್ಪುತ್ತದೆ. ಹೊಸಬರಿಗೆ ಇದು ನೆನಪಿರುವುದಿಲ್ಲ. ‘ನಿಮ್ಮ ಹತ್ತಿರ ಒಂದು ಹೀರೊ ಪಾಯಿಂಟ್ ಇದೆಯಲ್ಲ, ಈಗಲೇ ಖರ್ಚು ಮಾಡಬೇಡಿ, ಇಟ್ಟುಕೊಂಡಿರಿ’ ಎಂದು ಅರ್ಧ ಗಂಟೆ ಮೊದಲೇ ಹೇಳುವುದು ಸುಳ್ಳು ದಾಳಕ್ಕಿಂತ ದೊಡ್ಡ ಉಪಕಾರ. ತೋಳ ಮುಂದೆ ಯಾರ ಮೇಲೆ ಹಾರುತ್ತದೆ ಎಂಬುದು ಬಹುಪಾಲು ನಿಮ್ಮ ನಿರ್ಧಾರ. ಬಿದ್ದವಳನ್ನು ಬಿಟ್ಟು ಕತ್ತಿ ಝಳಪಿಸುತ್ತಿರುವವನ ಕಡೆ ತಿರುಗುವುದು ಪ್ರಾಣಿಸಹಜವೂ ಹೌದು. ನಾನು ಈಗ ದಾಳವನ್ನು ಪರದೆಯ ಈಚೆಗೇ ಉರುಳಿಸುತ್ತೇನೆ.

ಮೂರನೆಯದು ಹೊತ್ತಿನ ಪ್ರಶ್ನೆ. ‘ಕಥೆ ಚೆನ್ನಾಗಿ ಸಾಗುತ್ತಿರುವಾಗ ಗಡಿಯಾರ ನೋಡುವುದು ರಸಭಂಗ.’ ಇದಕ್ಕೆ ಉತ್ತರವಾಗಿ ನನ್ನ ತಪ್ಪನ್ನೇ ಹೇಳಬೇಕು. ನಾನು ನಡೆಸಿದ ಮೂರನೆಯದೋ ನಾಲ್ಕನೆಯದೋ ಮೇಜು, ನಾಲ್ಕು ಗಂಟೆಯ ಅವಕಾಶ. ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿಂದ ಸುಳಿವು ಪಡೆಯುವುದು ಮೊದಲ ದೃಶ್ಯ, ಇಪ್ಪತ್ತು ನಿಮಿಷದ ಕೆಲಸ. ವ್ಯಾಪಾರಿಯ ದನಿ ನನಗೆ ಚೆನ್ನಾಗಿ ಒಲಿದಿತ್ತು, ಆಟಗಾರರು ನಗುತ್ತಿದ್ದರು, ಚೌಕಾಸಿ ಒಂದೂ ಮುಕ್ಕಾಲು ಗಂಟೆ ಎಳೆಯಿತು. ಕೊನೆಯ ಕಾಳಗಕ್ಕೆ ಬಂದಾಗ ಉಳಿದದ್ದು ಹದಿನೈದು ನಿಮಿಷ. ಅಂಗಡಿಯವರು ಆಗಲೇ ಕುರ್ಚಿ ಮಡಚುತ್ತಿದ್ದರು. ‘ನೀವು ಗೆದ್ದಿರಿ’ ಎಂದು ನಾನೇ ಬಾಯಲ್ಲಿ ಹೇಳಿ ಮುಗಿಸಿದೆ. ಕ್ಲೆರಿಕ್, ಅಂದರೆ ಮಂತ್ರ ಬಲ್ಲ ಪೂಜಾರಿಯ ಪಾತ್ರ ಆಡುತ್ತಿದ್ದ ಹೆಂಗಸು ತನ್ನ ದೊಡ್ಡ ಮಂತ್ರವನ್ನು ಕೊನೆಗೆಂದು ಮೂರು ಗಂಟೆ ಕಾದಿಟ್ಟಿದ್ದರು. ಮಂತ್ರದ ಚೀಟಿಯನ್ನು ಮಡಚಿ, ದಾಳಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿಕೊಂಡು, ಥ್ಯಾಂಕ್ಸ್ ಹೇಳಿ ಹೋದರು. ಆ ಡಬ್ಬಿಯ ಸದ್ದು ಇನ್ನೂ ಕಿವಿಯಲ್ಲಿದೆ.

ಮೀಮಾಂಸೆಯ ಮಾತಿನಲ್ಲಿ ವ್ಯಾಪಾರಿ ಅಂಗ, ಅಂದರೆ ಪೂರಕ; ಕೊನೆಯ ಕಾಳಗ ಪ್ರಧಾನ. ಅಂಗಕ್ಕಾಗಿ ಪ್ರಧಾನವನ್ನು ಬಲಿಕೊಟ್ಟೆ. ಹೊತ್ತು ಮೇಜಿನಲ್ಲೇ ಮುಗಿಯುವ ವಸ್ತುವೆಂದು ತೋರಬಹುದು, ಆದರೆ ಕೊನೆಯ ಬಸ್ಸು ಹಿಡಿಯಬೇಕಾದ ಮನುಷ್ಯ ಬಾಗಿಲಾಚೆ ಹೋಗಲೇಬೇಕಲ್ಲ. ಹಾಗಾಗಿ ಈಗ ಸಿನಾರಿಯೊ ಓದುವಾಗ ಹಿಂದಿನಿಂದ ಓದುತ್ತೇನೆ: ಮೊದಲು ಸಮಾರೋಪ, ಆಮೇಲೆ ಕೊನೆಯ ಕಾಳಗ, ಆಮೇಲೆ ಶುರುವಿನಿಂದ. ಕೊನೆಯ ಕಾಳಗಕ್ಕೆ ಒಂದು ಗಂಟೆ, ಹಾಳೆ ತುಂಬಲು ಹದಿನೈದು ನಿಮಿಷ ಬದಿಗಿಟ್ಟು, ಉಳಿದದ್ದನ್ನು ದೃಶ್ಯಗಳಿಗೆ ಹಂಚಿ, ಪ್ರತಿ ದೃಶ್ಯದ ಅಂಚಿನಲ್ಲಿ ಪೆನ್ಸಿಲಿನಿಂದ ಗಂಟೆ ಬರೆಯುತ್ತೇನೆ. 7.10ಕ್ಕೆ ಪೇಟೆ ಬಿಟ್ಟಿರಬೇಕು ಎಂದಿದ್ದರೆ, 7.15 ಆದಾಗ ವ್ಯಾಪಾರಿಗೆ ಮನೆಯಿಂದ ಕರೆ ಬರುತ್ತದೆ.

ಶತ್ರುಗಳ ಸಂಖ್ಯೆಯ ಲೆಕ್ಕವೂ ಆಟಕ್ಕೆ ಮೊದಲೇ ಆಗಬೇಕು. ಸೊಸೈಟಿಯ ಒಂದರಿಂದ ನಾಲ್ಕನೇ ಮಟ್ಟದ ಸಿನಾರಿಯೊದಲ್ಲಿ ಒಂದನೇ ಮಟ್ಟದ ಪಾತ್ರಕ್ಕೆ 2, ಎರಡಕ್ಕೆ 3, ಮೂರಕ್ಕೆ 4, ನಾಲ್ಕಕ್ಕೆ 6 ಚಾಲೆಂಜ್ ಪಾಯಿಂಟ್. ಕೂಡಿದ ಮೊತ್ತದ ಮೇಲೆ ಎದುರಾಳಿಗಳು ಹೆಚ್ಚುತ್ತಾರೆ. ಇದು ಶುದ್ಧ ವಿಧಿ, ಇಲ್ಲಿ ಊಹಕ್ಕೆ ಜಾಗವಿಲ್ಲ.

ನಾಲ್ಕನೆಯವರು ನಿಯಮಪಂಡಿತರು, ಪ್ರತಿ ಮೇಜಿನಲ್ಲೂ ಒಬ್ಬರಿರುತ್ತಾರೆ. ನಿಯಮದ ಮೇಲೆ ಜಗಳ ಬಂದರೆ ಎರಡು ನಿಮಿಷ ಕೇಳಿ, ತೀರ್ಪು ಕೊಟ್ಟು ಮುಂದೆ ಹೋಗಿ, ಪುಸ್ತಕವನ್ನು ಆಟ ಮುಗಿದ ಮೇಲೆ ಒಟ್ಟಿಗೆ ನೋಡಿ ಎಂದು ನಾನು ಹೊಸ ಜಿಎಂಗಳಿಗೆ ಹೇಳುತ್ತೇನೆ. ಅದಕ್ಕೆ ಪಂಡಿತರು, ‘ಎಲ್ಲ ಮೇಜಿನಲ್ಲೂ ಒಂದೇ ನಿಯಮ ಅಂದವರು ನೀವೇ. ಈಗ ತಪ್ಪು ತೀರ್ಪಿಗೂ ಅಡ್ಡಿಯಿಲ್ಲ ಅಂತೀರಲ್ಲ?’ ಎನ್ನುತ್ತಾರೆ. ಒಳ್ಳೆಯ ಆಕ್ಷೇಪ. ಸಿದ್ಧಾಂತವೇ ಇದಕ್ಕೆ ಉತ್ತರ ಕೊಡುತ್ತದೆ. ಗೋಡೆ ಹತ್ತಲು ದಾಳದಲ್ಲಿ ಎಷ್ಟು ಬೀಳಬೇಕು ಎಂಬಲ್ಲಿ ಒಂದೆರಡು ಅಂಕ ಆಚೀಚೆಯಾದರೆ ಅದು ಆ ರಾತ್ರಿಗೇ ಮುಗಿಯಿತು. ಅದಕ್ಕಾಗಿ ಐದು ಜನರನ್ನು ಹತ್ತು ನಿಮಿಷ ಕಾಯಿಸುವುದು ಸಲ್ಲ. ಪಾತ್ರ ಸಾಯುತ್ತದೋ ಉಳಿಯುತ್ತದೋ ಎಂಬುದು ನಿಯಮದ ಮೇಲೆ ನಿಂತಿದ್ದರೆ ಆಟ ನಿಲ್ಲಿಸಿ, ಪುಸ್ತಕ ತೆಗೆಯಿರಿ, ಆ ಪಂಡಿತರ ಕೈಗೇ ಕೊಟ್ಟು ಪುಟ ಹುಡುಕಿಸಿ. ಅವರಿಗಿಂತ ಬೇಗ ಹುಡುಕುವವರು ಯಾರೂ ಇಲ್ಲ.

ಇನ್ನೊಂದು, ಸೂಕ್ಷ್ಮವಾದದ್ದು. ಗುರುತಿಲ್ಲದವರು ಸೇರುವ ಮೇಜಿನಲ್ಲಿ ಯಾರ ಮನಸ್ಸಿನಲ್ಲಿ ಯಾವ ಗಾಯವಿದೆಯೋ ತಿಳಿಯದು. ಜಾನ್ ಸ್ಟಾವ್ರೊಪೊಲಸ್ ರೂಪಿಸಿದ ಎಕ್ಸ್ ಕಾರ್ಡ್ ಇದಕ್ಕೇ ಇದೆ: ಮೇಜಿನ ನಡುವೆ ಎಕ್ಸ್ ಬರೆದ ಒಂದು ಚೀಟಿ, ಯಾರಾದರೂ ಅದನ್ನು ಮುಟ್ಟಿದರೆ ಆ ವರ್ಣನೆ ಅಲ್ಲಿಗೇ ನಿಲ್ಲುತ್ತದೆ, ಕಾರಣ ಕೇಳುವಂತಿಲ್ಲ. ‘ಬರೆದದ್ದನ್ನು ಬಿಟ್ಟಂತಾಗಲಿಲ್ಲವೇ?’ ಆಯಿತು. ಜೈಮಿನಿಯ ಹತ್ತನೇ ಅಧ್ಯಾಯ ಬಾಧದ್ದು, ಮೂಲದಿಂದ ಬಂದದ್ದನ್ನು ಯಾವಾಗ ಕೈಬಿಡಬೇಕು ಎಂಬುದರ ಚರ್ಚೆ. ಉದಾಹರಣೆಗೆ, ಕೊಠಡಿಯಲ್ಲಿ ಜೇಡಗಳಿವೆ ಎಂಬ ವರ್ಣನೆ ಹೋಯಿತು, ಜೇಡದ ಅಂಕಗಳು ಉಳಿದವು. ಅವಕ್ಕೆ ಬೇರೆ ಮೈ ಕೊಡಿ. ಇದರ ಬಗ್ಗೆ ನನಗೆ ಇನ್ನು ವಾದವಿಲ್ಲ. ಆಟಕ್ಕೆಂದು ಬಂದವರು ನೊಂದು ಹೋಗಬಾರದು.

ಕೊನೆಗೆ ಎಲ್ಲರೂ ಗೊಣಗುವ ಕಾಗದಪತ್ರ. ‘ಕಥೆ ಹೇಳಲು ಬಂದವನು ಗುಮಾಸ್ತನಾಗಬೇಕೆ?’ ಹಾಳೆಯನ್ನು ಬೇಜಾರಿನಿಂದ ಗೀಚುವ ಜಿಎಂಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸೊಸೈಟಿಯಲ್ಲಿ ಒಂದು ಸಿನಾರಿಯೊಗೆ 4 ಎಕ್ಸ್‌ಪಿ (ಅನುಭವದ ಅಂಕ), 12 ಆದರೆ ಒಂದು ಮಟ್ಟ. ಅಂದರೆ ಒಂದು ಹಾಳೆ ತಪ್ಪಿದರೆ ಒಬ್ಬರ ಮೂರರಲ್ಲೊಂದು ಭಾಗದ ಏಳಿಗೆ ತಪ್ಪಿತು. ಆಟಗಾರರು ಪಾತ್ರಗಳ ಪರಿಚಯ ಮಾಡಿಕೊಳ್ಳುವಾಗಲೇ ಅವರ ಸೊಸೈಟಿ ನಂಬರು, ಪಾತ್ರದ ಹೆಸರು ಬರೆದುಕೊಂಡುಬಿಡಿ; ಹೆಸರು ಬಾಯಿಗೆ ಬಂದಿರುತ್ತದೆ, ಕಾಳಗದಲ್ಲಿ ‘ಏ, ನೀಲಿ ಅಂಗಿ’ ಎಂದು ಕರೆಯಬೇಕಾಗುವುದಿಲ್ಲ. ಮುಗಿದ ಮೇಲೆ ಒಂದೊಂದೇ ಹಾಳೆಗೆ ಸಹಿ ಮಾಡಿ, ಪಾತ್ರದ ಹೆಸರು ಹಿಡಿದು ಕರೆದು, ಅದು ಆ ರಾತ್ರಿ ಮಾಡಿದ ಒಂದು ಕೆಲಸವನ್ನು ನೆನಪಿಸಿ ಕೈಗೆ ಕೊಡಿ. ಮೀನು ಕೊಟ್ಟ ಆ ಹುಡುಗನ ಹಾಳೆಯ ಅಂಚಿನಲ್ಲಿ ನಾನೊಂದು ಪುಟ್ಟ ಮೀನು ಬರೆದಿದ್ದೆ. ಎರಡು ವರ್ಷದ ನಂತರ ಬೇರೊಂದು ಊರಿನ ಮೇಳದಲ್ಲಿ ಸಿಕ್ಕಾಗ, ಪ್ಲಾಸ್ಟಿಕ್ ಫೈಲಿನ ಮೊದಲ ಹಾಳೆಯಾಗಿ ಅದನ್ನೇ ಇಟ್ಟುಕೊಂಡಿದ್ದ. ಆ ದಿನ ಅವನು ಜಿಎಂ ಆಗಿ ಕೂರುವವನಿದ್ದ.